ಅಜ್ಜ, ಹಾಕಿ ಮತ್ತು 1973ರ ಬೆಳ್ಳಿ

1/5
ಹಿಂದಿನ ಪೋಸ್ಟ್‌ನಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಅವರ ಬಗ್ಗೆ ಓದಿದ್ರಿ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದವರು. ಅವರ ಹೆಸರು ಪುಸ್ತಕದಾಗ ಐತಿ. ಈ ಸಲ ಯಾವ ಪುಸ್ತಕದಾಗೂ ಇಲ್ಲದವನ ಕಥೆ: ನಮ್ಮ ಅಜ್ಜ. ಬ್ಯಾಡಗಿ ತಾಲೂಕಿನ ರೈತನ ಮಗ, ಮಾಜಿ ಸೈನಿಕ, ಆಟ ಅಂದ್ರೆ ಪ್ರಾಣ. ಹೋದ ವರ್ಷ ತೀರಿಕೊಂಡ.

2/5
ಊರಾಗ ಅಜ್ಜನಿಗೆ ಗೊತ್ತಿದ್ದ ಆಟ ಕುಸ್ತಿ, ಕಬಡ್ಡಿ, ದೀಪಾವಳಿಗೆ ಹೋರಿ ಓಡಿಸೋದು. ಹಾಕಿ ಸ್ಟಿಕ್ ಮೊದಲ ಸಲ ಹಿಡಿದದ್ದು 1967ರಲ್ಲಿ, ಬೆಂಗಳೂರಿನ ಎಂಇಜಿ ಸೇರಿದ ಮೇಲೆ. ಎಂಇಜಿ ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪ್. ಸೇತುವೆ ಕಟ್ಟೋದು, ದಾರಿ ಮಾಡೋದು, ನೆಲದಾಗ ಹುಗಿದ ಮೈನ್ ತೆಗೆಯೋದು ಇವರ ಕೆಲಸ. 1971ರ ಯುದ್ಧದಲ್ಲಿ ಬಸಂತರ್ ನದಿ ಹತ್ರ ನಮ್ಮ ಟ್ಯಾಂಕ್‌ಗಳಿಗೆ ಮೈನ್ ನಡುವೆ ದಾರಿ ಬಿಡಿಸಿದ್ದು ಇದೇ ಗ್ರೂಪಿನವರು. ಯುದ್ಧದ ಬಗ್ಗೆ ಕೇಳಿದ್ರೆ ಅಜ್ಜ ಎರಡು ಮಾತು ಹೇಳಿ ಸುಮ್ಮನಾಗ್ತಿದ್ದ. ಹಾಕಿ ಬಗ್ಗೆ ಕೇಳಿದ್ರೆ ತಾಟಿನಾಗಿನ ರೊಟ್ಟಿ ಆರಿ ಹೋಗ್ತಿತ್ತು, ಮಾತು ಮುಗೀತಿರಲಿಲ್ಲ.

3/5
ಇದು ಬರೀ ನಮ್ಮ ಮನೆ ಕಥೆ ಅಲ್ಲ. ಧ್ಯಾನ್‌ಚಂದ್ ಕೂಡ 1922ರಲ್ಲಿ ಸಿಪಾಯಿಯಾಗಿ ಸೇರಿದ ಮೇಲೇ ಹಾಕಿಯನ್ನ ಗಂಭೀರವಾಗಿ ಹಿಡಿದದ್ದು. ನಮ್ಮ ಕೊಡಗಿನ ಎಂ.ಪಿ. ಗಣೇಶ್ ಮೊದಲು ಫುಟ್‌ಬಾಲ್ ಆಡ್ತಿದ್ರು. ಸೈನ್ಯಕ್ಕೆ ಹೋಗಿ ಹಾಕಿ ಕಲಿತು, ಸರ್ವಿಸಸ್ ತಂಡಕ್ಕೆ ಆಡಿ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ರು. ಯಾಕೆ ಸೈನ್ಯ? ಅಲ್ಲಿ ಸಂಜೆ ಆಟ ಅಂದ್ರೆ ಅದೂ ಒಂದು ಡ್ಯೂಟಿ. ಮೈದಾನ, ಸ್ಟಿಕ್, ಬೂಟು, ಹೊಟ್ಟೆ ತುಂಬ ಊಟ, ಎಲ್ಲಾ ಕೊಡ್ತಾರೆ. ಮಳೆ ನಂಬಿ ಬದುಕೋ ಮನೆಯ ಹುಡುಗನಿಗೆ ಬೇರೆ ಯಾರು ಇದನ್ನ ಕೊಡ್ತಿದ್ರು ಹೇಳ್ರಿ?

4/5
1975ರ ಕೌಲಾಲಂಪುರ ವಿಶ್ವಕಪ್ ನಿಮಗೆ ಗೊತ್ತಿರಬಹುದು. ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 2-1. ಅಜ್ಜ ಮತ್ತೆ ಮತ್ತೆ ಹೇಳ್ತಿದ್ದದ್ದು ಮಾತ್ರ 1973ರ ಆಮ್‌ಸ್ಟೆಲ್‌ವೀನ್ ಫೈನಲ್. ನಾಯಕ ಗಣೇಶ್. ನೆದರ್ಲೆಂಡ್ಸ್ ಮೇಲೆ 2-0 ಮುಂದಿದ್ವಿ. ಆಮೇಲೆ 2-2. ಹೆಚ್ಚುವರಿ ಸಮಯದಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಗೋಲಾಗಲಿಲ್ಲ. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ 2-4, ಸೋಲು. ಆ ಸ್ಟ್ರೋಕ್ ಹೊಡೆದವರೂ ಕೊಡಗಿನವರೇ, ಬಿ.ಪಿ. ಗೋವಿಂದ. ಎರಡು ವರ್ಷಕ್ಕೆ ವಿಶ್ವಕಪ್ ಗೆದ್ದ ತಂಡದಲ್ಲಿ ಅವರೂ ಇದ್ರು. "ಅವನನ್ನ ಕೈ ಬಿಡಲಿಲ್ಲ ನೋಡ, ಅದಕ್ಕ ಗೆದ್ವಿ" ಅಂತಿದ್ದ ಅಜ್ಜ. ರಾಣೆಬೆನ್ನೂರಿನಲ್ಲಿ ಬ್ಯಾಂಕ್ ಗಾರ್ಡ್ ಆಗಿದ್ದಾಗ ಡ್ಯೂಟಿ ಮುಗಿಸಿ ಮೈದಾನಕ್ಕೆ ಹೋಗಿ ಸೋತ ಹುಡುಗರಿಗೇ ಚಹಾ ಕುಡಿಸ್ತಿದ್ನಂತೆ. ಗೆದ್ದವರಿಗೆ ಕುಡಿಸೋರು ಬೇಕಾದಷ್ಟು ಜನ ಇರ್ತಾರೆ ಅನ್ನೋದು ಅವನ ಲೆಕ್ಕ.

5/5
ನಾನು ಬಿಕಾಂ, ದಾಖಲೆ ನೋಡೋ ಚಟ. ಅಜ್ಜನ ಡಿಸ್ಚಾರ್ಜ್ ಬುಕ್‌ನಲ್ಲಿ ಜಿಲ್ಲೆ ಧಾರವಾಡ ಅಂತ ಐತಿ, ಯಾಕಂದ್ರೆ ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ. ಸೇರಿದ ದಿನ, ಬಿಟ್ಟ ದಿನ, ರ‍್ಯಾಂಕ್, ಎಲ್ಲಾ ಐತಿ. ಸಂಜೆ ಆಡಿದ ಆಟ ಒಂದು ಸಾಲೂ ಇಲ್ಲ. ಅದು ಉಳಿದಿರೋದು ನನ್ನ ಫೋನಿನಾಗ, ಹನ್ನೊಂದು ನಿಮಿಷದ ರೆಕಾರ್ಡಿಂಗ್ ಆಗಿ. ಅಜ್ಜನ ದನಿ ಅಂತ ಇರೋದು ಅಷ್ಟೇ.

ನಿಮ್ಮ ಮನೆಯಾಗ ಅಜ್ಜ, ಅಜ್ಜಿ ಇದ್ದಾರಾ? ಇವತ್ತು ರಾತ್ರಿ ಫೋನ್ ರೆಕಾರ್ಡಿಂಗ್ ಆನ್ ಮಾಡಿ ಒಂದೇ ಪ್ರಶ್ನೆ ಕೇಳ್ರಿ: "ನೀ ಸಣ್ಣಾಕಿ ಇದ್ದಾಗ, ಸಣ್ಣಾವ ಇದ್ದಾಗ ಏನು ಆಡ್ತಿದ್ದಿ?" ಉತ್ತರ ಕಮೆಂಟ್‌ನಲ್ಲಿ ಬರೀರಿ. ಮುಂದಿನ ಪೋಸ್ಟ್ ಅದರ ಮೇಲೇ.

#ಹಾವೇರಿ #ಬ್ಯಾಡಗಿ #ರಾಣೆಬೆನ್ನೂರು #ನಮ್ಮಜ್ಜ