ಮುಖ ಕೆಂಪೇರಿಸುವ ಜೀನ್: ಎಎಲ್‌ಡಿಎಚ್2

ಒಂದು ಲೋಟ ಬಿಯರ್ ಕುಡಿದರೆ ಸಾಕು, ಚೀನಾ, ಜಪಾನ್, ಕೊರಿಯಾಗಳ ಅನೇಕರ ಮುಖ ಕೆಂಪಾಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ, ತಲೆ ಸಿಡಿಯುತ್ತದೆ. ಗೆಳೆಯರ ಕೂಟದಲ್ಲಿ ಇದು ತಮಾಷೆಯ ಸಂಗತಿ. ವೈದ್ಯರಿಗೆ ಮಾತ್ರ ತಮಾಷೆಯಲ್ಲ. ಇದಕ್ಕೆ ಕಾರಣ ಎಎಲ್‌ಡಿಎಚ್2 ಎಂಬ ಜೀನ್‌ನಲ್ಲಿ ಆಗಿರುವ ಒಂದೇ ಒಂದು ಅಕ್ಷರದ ವ್ಯತ್ಯಾಸ. ಜಗತ್ತಿನಲ್ಲಿ ಸುಮಾರು 54 ಕೋಟಿ ಜನರಲ್ಲಿ ಈ ವ್ಯತ್ಯಾಸ ಇದೆಯೆಂದು 2009ರಲ್ಲಿ ಅಂದಾಜು ಮಾಡಲಾಗಿತ್ತು.

ಮನುಷ್ಯನ 12ನೇ ವರ್ಣತಂತುವಿನಲ್ಲಿರುವ ಈ ಜೀನ್ ಆಲ್ಡಿಹೈಡ್ ಡಿಹೈಡ್ರೋಜಿನೇಸ್-2 ಎಂಬ ಕಿಣ್ವವನ್ನು ತಯಾರಿಸಲು ಬೇಕಾದ ಸೂಚನೆ. ಕಿಣ್ವ ತಯಾರಾಗುವುದು ಜೀವಕೋಶದ ಅಂಗಳದಲ್ಲಿ. ಕೆಲಸ ಮಾಡುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಳಗೆ. ಅಲ್ಲಿಗೆ ಹೋಗಲು ಅದಕ್ಕೆ 17 ಅಮೈನೊ ಆಮ್ಲಗಳ ಒಂದು ವಿಳಾಸಚೀಟಿ ಇರುತ್ತದೆ. ಒಳಗೆ ಸೇರಿದ ಮೇಲೆ ಅದು ಕತ್ತರಿಸಿ ಹೋಗುತ್ತದೆ.

ಕುಡಿದ ಮದ್ಯ ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ. ಇದು ವಿಷ. ಡಿಎನ್‌ಎಗೂ ಪ್ರೋಟೀನುಗಳಿಗೂ ಅಂಟಿಕೊಂಡು ಅವುಗಳನ್ನು ಕೆಡಿಸುತ್ತದೆ. ಎಎಲ್‌ಡಿಎಚ್2 ಈ ವಿಷವನ್ನು ಕೂಡಲೇ ಅಸಿಟೇಟ್ ಆಗಿ, ಅಂದರೆ ವಿನೆಗರ್‌ನ ಹುಳಿಗೆ ಸಂಬಂಧಿಸಿದ ನಿರುಪದ್ರವಿ ವಸ್ತುವಾಗಿ ಬದಲಿಸುತ್ತದೆ. ಮೇಲೆ ಹೇಳಿದ ವ್ಯತ್ಯಾಸ ಇದ್ದವರಲ್ಲಿ ಗ್ಲುಟಮೇಟ್ ಇರಬೇಕಾದ ಒಂದು ಜಾಗದಲ್ಲಿ ಲೈಸಿನ್ ಬಂದು ಕೂತಿರುತ್ತದೆ. ನಾಲ್ಕು ತುಂಡುಗಳು ಜೋಡಿಯಾದರಷ್ಟೇ ಕಿಣ್ವ ಪೂರ್ಣವಾಗುತ್ತದೆ. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಕುಂಟಿದರೂ ನಡಿಗೆ ಕೆಡುತ್ತದಲ್ಲವೇ, ಇಲ್ಲೂ ಹಾಗೆಯೇ. ಹೀಗಾಗಿ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಜೀನ್ ಪಡೆದವರಲ್ಲೂ ಕಿಣ್ವದ ಶಕ್ತಿ ಅರ್ಧಕ್ಕಿಂತ ಬಹಳ ಕಡಿಮೆ. ಇಬ್ಬರಿಂದಲೂ ಪಡೆದವರಲ್ಲಿ ಹೆಚ್ಚುಕಡಿಮೆ ಶೂನ್ಯ.

ಇಬ್ಬರಿಂದಲೂ ಪಡೆದವರು ಸಾಮಾನ್ಯವಾಗಿ ಕುಡಿಯುವುದೇ ಇಲ್ಲ, ದೇಹ ಒಪ್ಪುವುದಿಲ್ಲ. ನಿಜವಾದ ಅಪಾಯ ಒಬ್ಬರಿಂದ ಮಾತ್ರ ಪಡೆದವರಿಗೆ. ಕಷ್ಟಪಟ್ಟು ಕುಡಿದು ಅಭ್ಯಾಸ ಮಾಡಿಕೊಂಡರೆ ಮುಖ ಕೆಂಪಾಗುವುದು ಕಡಿಮೆಯಾಗಬಹುದು, ವಿಷ ಕಡಿಮೆಯಾಗುವುದಿಲ್ಲ. ಇಂಥವರಲ್ಲಿ ಅನ್ನನಾಳದ ಕ್ಯಾನ್ಸರ್ ಸಂಭವ ಹಲವು ಪಟ್ಟು ಹೆಚ್ಚು. ಜಪಾನಿನ ಮದ್ಯವ್ಯಸನಿಗಳಲ್ಲಿ ಇಂಥವರ ಪಾಲು 1979ರಲ್ಲಿ ಶೇ. 2.5 ಇದ್ದದ್ದು 1986ರಲ್ಲಿ ಶೇ. 8ಕ್ಕೆ, 1992ರಲ್ಲಿ ಶೇ. 13ಕ್ಕೆ ಏರಿತು. ಹದಿಮೂರು ವರ್ಷದಲ್ಲಿ ಜೀನ್ ಬದಲಾಗುವುದಿಲ್ಲ. ಬದಲಾದದ್ದು ಕುಡಿತದ ಸಂಸ್ಕೃತಿ. ಕಚೇರಿ ಮುಗಿದ ಮೇಲೆ ಸಹೋದ್ಯೋಗಿಗಳೊಂದಿಗೆ ಕುಡಿಯದೆ ಇದ್ದರೆ ಮರ್ಯಾದೆ ಇಲ್ಲವೆನ್ನುವ ವಾತಾವರಣದಲ್ಲಿ ದೇಹದ ಎಚ್ಚರಿಕೆಗೆ ಬೆಲೆ ಎಲ್ಲಿ? ಮದ್ಯಕ್ಕೆ ಸಂಬಂಧಿಸಿದ ಅಸಿಟಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಕುಡಿಯದವರಿಗೂ ಈ ಕಿಣ್ವ ಬೇಕು. ರಕ್ತ ಪೂರೈಕೆ ನಿಂತು ಮತ್ತೆ ಆರಂಭವಾದಾಗ ಕೋಶದ ಪೊರೆಯಲ್ಲಿರುವ ಕೊಬ್ಬು, ಹಳೆಯ ಎಣ್ಣೆ ಕಮಟು ಹಿಡಿದಂತೆ ಕೆಟ್ಟು, ಬೇರೆ ಬಗೆಯ ವಿಷಕಾರಿ ಆಲ್ಡಿಹೈಡುಗಳು ಹುಟ್ಟುತ್ತವೆ. ಹೃದಯಾಘಾತದಲ್ಲಿ ನಡೆಯುವುದೂ ಇದೇ. ಅವನ್ನು ತೊಳೆಯದಿದ್ದರೆ ಮೈಟೊಕಾಂಡ್ರಿಯಾ ಕೆಡುತ್ತದೆ, ಕೋಶ ಸಾಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೆ-ಹಾಂಗ್ ಚೆನ್ ಮತ್ತು ಡೇರಿಯಾ ಮೋಕ್ಲಿ-ರೋಸೆನ್ ತಂಡ 2008ರಲ್ಲಿ ಆಲ್ಡಾ-1 ಎಂಬ ಸಣ್ಣ ಅಣುವನ್ನು ಕಂಡುಹಿಡಿಯಿತು. ಅದು ಈ ಕಿಣ್ವವನ್ನು ಚುರುಕುಗೊಳಿಸುತ್ತದೆ. ಕುಂಟುವ ಕಿಣ್ವಕ್ಕೂ ಕೈ ಹಿಡಿಯುತ್ತದೆ. ರಕ್ತ ನಿಲ್ಲಿಸುವ ಮೊದಲೇ ಅದನ್ನು ಕೊಟ್ಟ ಇಲಿಗಳ ಹೃದಯದಲ್ಲಿ ಹಾನಿ ಶೇ. 60ರಷ್ಟು ಕಡಿಮೆಯಾಯಿತು. ಇಲಿಯ ಫಲ ಮನುಷ್ಯನಿಗೂ ಸಿಗಬೇಕೆಂದಿಲ್ಲ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೋಗ್ಲಿಸರಿನ್ ಕೆಲಸ ಮಾಡುವುದಕ್ಕೂ ಇದೇ ಕಿಣ್ವ ಬೇಕೆಂದು 2002ರಲ್ಲಿ ತಿಳಿದುಬಂತು.

ಮತ್ತೊಂದು ಸಾಕ್ಷಿ ಮಕ್ಕಳ ಕಾಯಿಲೆಯಿಂದ. ಫ್ಯಾಂಕೋನಿ ಅನೀಮಿಯಾ ಎಂಬ ಅಪರೂಪದ ವಂಶಪಾರಂಪರ್ಯ ರೋಗದಲ್ಲಿ ಕೆಟ್ಟ ಡಿಎನ್‌ಎಯನ್ನು ದುರಸ್ತಿ ಮಾಡುವ ಒಂದು ವ್ಯವಸ್ಥೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಅಸ್ಥಿಮಜ್ಜೆ ಸೋಲುತ್ತದೆ. ಕೇಂಬ್ರಿಜ್‌ನಲ್ಲಿ ಕೆ.ಜೆ. ಪಟೇಲ್ ಅವರ ತಂಡ 2011ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇಷ್ಟು: ಆಲ್ಡಿಹೈಡನ್ನು ತೊಳೆಯುವ ಕಿಣ್ವವೂ ಇಲ್ಲ, ದುರಸ್ತಿಯೂ ಇಲ್ಲ ಎಂದಾದರೆ ರಕ್ತಕೋಶಗಳಿಗೆ ಉಳಿಗಾಲವಿಲ್ಲ. ಈ ರೋಗವಿರುವ ಜಪಾನಿ ಮಕ್ಕಳಲ್ಲಿ ಎಎಲ್‌ಡಿಎಚ್2 ದುರ್ಬಲವಾಗಿದ್ದವರ ಅಸ್ಥಿಮಜ್ಜೆ ಬೇಗ ಸೋತಿತ್ತೆಂದು 2013ರಲ್ಲಿ ವರದಿಯಾಯಿತು. ಈ ಮಕ್ಕಳು ಮದ್ಯ ಮುಟ್ಟಿದವರಲ್ಲ. ಆಲ್ಡಿಹೈಡ್ ನಮ್ಮ ದೇಹದಲ್ಲೇ ದಿನವೂ ಹುಟ್ಟುತ್ತಿರುತ್ತದೆ.

ಭಾರತದ ಬಹುಪಾಲು ಜನರಲ್ಲಿ ಈ ವ್ಯತ್ಯಾಸ ಅಪರೂಪ. ಹಾಗೆಂದು ಮುಖ ಕೆಂಪಾಗದವರಿಗೆ ಮದ್ಯ ಕ್ಷೇಮ ಎಂದಲ್ಲ. ಅವರಿಗೆ ಎಚ್ಚರಿಕೆಯ ಗಂಟೆ ಇಲ್ಲ, ಅಷ್ಟೇ. ಆ ಗಂಟೆಯನ್ನು ಔಷಧದಿಂದ ಬಾರಿಸುವ ಉಪಾಯವೇ ಡೈಸಲ್ಫಿರಾಂ ಮಾತ್ರೆ. 1940ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಇದರ ಗುಣ ಪತ್ತೆಯಾಯಿತು. ಮಾತ್ರೆ ನುಂಗಿದವರಲ್ಲಿ ಈ ಕಿಣ್ವ ನಿಂತುಹೋಗಿ, ಕುಡಿದರೆ ತೀವ್ರ ಸಂಕಟವಾಗುತ್ತದೆ. ಕುಡಿತ ಬಿಡಿಸಲು ವೈದ್ಯರು ಇದನ್ನು ಕೊಡುತ್ತಾರೆ, ಆದರೆ ರೋಗಿಗೆ ತಿಳಿಸಿ, ಅವರ ಒಪ್ಪಿಗೆಯಿಂದ ಮಾತ್ರ. ಮನೆಯವರು ಬೇಸತ್ತು ಗುಟ್ಟಾಗಿ ಸಾರಿನಲ್ಲೋ ಕಾಫಿಯಲ್ಲೋ ಬೆರೆಸುವುದು ಅಪಾಯಕರ. ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪ್ರಭಾವ ಉಳಿಯಬಹುದಾದ್ದರಿಂದ ಮದ್ಯಸಾರ ಬೆರೆತ ಕೆಮ್ಮಿನ ಸಿರಪ್ಪನ್ನೂ ವೈದ್ಯರನ್ನು ಕೇಳದೆ ಕುಡಿಯಬಾರದು.