ಮುಂದೂಡಿದ ತೆರಿಗೆ, ಮಾಲೀಕ ಸತ್ತರೆ ಮಾಯ: ಏನಿದು ಅಮೆರಿಕದ 1031?

ಅಮೆರಿಕದಲ್ಲಿರೋ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿ ಕೇಳಿದ: “ಇಲ್ಲಿ ಬಾಡಿಗೆಗೆ ಕೊಟ್ಟಿರೋ ಮನೆ ಮಾರಿ ಮೈಸೂರಲ್ಲಿ ಸೈಟ್ ತಗೊಂಡ್ರೆ 1031ರಲ್ಲಿ ಟ್ಯಾಕ್ಸ್ ಉಳಿಯುತ್ತೇನೋ?” ಉಳಿಯಲ್ಲ. ಅಮೆರಿಕದ ಆಸ್ತಿ ಮಾರಿದವರು ಅಮೆರಿಕದಲ್ಲೇ ಆಸ್ತಿ ಕೊಳ್ಳಬೇಕು. ಆದರೆ ಅವನಿಗಾಗಿ ಓದಲು ಕೂತ ನನಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡ ಕಥೆ.

ಅಲ್ಲಿನ ತೆರಿಗೆ ಕಾನೂನಿನ 1031ನೇ ಸೆಕ್ಷನ್ ಪ್ರಕಾರ, ವ್ಯಾಪಾರಕ್ಕೋ ಹೂಡಿಕೆಗೋ ಇಟ್ಟುಕೊಂಡ ಆಸ್ತಿ ಮಾರಿ ಅಂಥದ್ದೇ ಇನ್ನೊಂದನ್ನು ಕೊಂಡರೆ ಲಾಭದ ಮೇಲಿನ ತೆರಿಗೆ ಈಗಲೇ ಕಟ್ಟಬೇಕಿಲ್ಲ. ‘ಅಂಥದ್ದೇ’ ಅನ್ನೋದು ಬಹಳ ಸಡಿಲ. ಅಪಾರ್ಟ್‌ಮೆಂಟ್ ಮಾರಿ ಹೊಲ ಕೊಂಡರೂ ನಡೆಯುತ್ತೆ. ಸ್ವಂತ ವಾಸದ ಮನೆಗೆ ಇದು ಅನ್ವಯಿಸಲ್ಲ. ಮಾರಿದ ಹಣ ಮಾಲೀಕರ ಕೈಗೆ ಬರದೆ ಮಧ್ಯವರ್ತಿಯ ಬಳಿ ಇರಬೇಕು. 45 ದಿನದೊಳಗೆ ಹೊಸ ಆಸ್ತಿ ಯಾವುದೆಂದು ಬರೆದುಕೊಡಬೇಕು, 180 ದಿನದೊಳಗೆ ಖರೀದಿ ಮುಗಿಸಬೇಕು. 1921ರಿಂದ ಇರೋ ಈ ಸೌಲಭ್ಯ ಯಂತ್ರ, ವಾಹನಗಳಿಗೂ ಸಿಗುತ್ತಿತ್ತು. ಟ್ರಂಪ್ ಕಾಲದ 2017ರ ತೆರಿಗೆ ಕಾಯ್ದೆ ಅವನ್ನೆಲ್ಲ ಕೈಬಿಟ್ಟು ರಿಯಲ್ ಎಸ್ಟೇಟ್ ಒಂದನ್ನೇ ಉಳಿಸಿತು. (ಟ್ರಂಪ್ ಕಸುಬು ಯಾವುದು ಅಂತ ನೆನಪಿಸಬೇಕಿಲ್ಲ ತಾನೇ?)

ಬರೀ ಮುಂದೂಡಿಕೆ ಆಗಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. 5 ಲಕ್ಷ ಡಾಲರ್‌ಗೆ ಕೊಂಡ ಕಟ್ಟಡ 20 ಲಕ್ಷಕ್ಕೆ ಹೋಯಿತು ಅನ್ನಿ. ಹೊಸ ಕಟ್ಟಡಕ್ಕೂ ತೆರಿಗೆ ಲೆಕ್ಕದಲ್ಲಿ ಹಳೆಯ 5 ಲಕ್ಷವೇ ಅಸಲು, ಹಾಗಾಗಿ 15 ಲಕ್ಷ ಲಾಭದ ತೆರಿಗೆ ಬಾಕಿ ಇದ್ದೇ ಇರುತ್ತೆ. ಆದರೆ ಮಾಲೀಕರು ಹೀಗೇ ಬದಲಾಯಿಸುತ್ತಾ ಹೋಗಿ ತೀರಿಕೊಂಡರೆ, ವಾರಸುದಾರರಿಗೆ ಅಂದಿನ ಮಾರುಕಟ್ಟೆ ಬೆಲೆಯೇ ಅಸಲಾಗುತ್ತೆ. ಆ 15 ಲಕ್ಷದ ಮೇಲಿನ ಆದಾಯ ತೆರಿಗೆ ಯಾರೂ ಕಟ್ಟಲ್ಲ. ಎಸ್ಟೇಟ್ ತೆರಿಗೆ ಅಂತ ಬೇರೆ ಇದೆ ನಿಜ, ಅದು ಒಂದು ಕೋಟಿ ಡಾಲರ್‌ಗೂ ಮೀರಿದ ಆಸ್ತಿಗೆ ಮಾತ್ರ. ಸಂಬಳದವರಿಗೋ, ದುಡ್ಡು ಕೈಗೆ ಬರೋ ಮೊದಲೇ ತೆರಿಗೆ ಕಡಿತ. ವರ್ಷಕ್ಕೆ 5 ಲಕ್ಷ ಡಾಲರ್ ಲಾಭದವರೆಗೆ ಮಾತ್ರ ಈ ಸೌಲಭ್ಯ ಇರಲಿ ಅಂತ ಬೈಡನ್ ಪ್ರಸ್ತಾಪಿಸಿದರು, ಕಾಂಗ್ರೆಸ್ ಒಪ್ಪಲಿಲ್ಲ.

ನಮ್ಮಲ್ಲೂ ಇದರ ಸೋದರಸಂಬಂಧಿ ಇತ್ತು: 1961ರ ಆದಾಯ ತೆರಿಗೆ ಕಾಯ್ದೆಯ 54ನೇ ಸೆಕ್ಷನ್, ಮನೆ ಮಾರಿ ಮನೆ ಕೊಂಡವರಿಗೆ ವಿನಾಯಿತಿ. 2023ರ ಬಜೆಟ್ ಅದಕ್ಕೆ 10 ಕೋಟಿ ರೂಪಾಯಿ ಮಿತಿ ಹಾಕಿತು. ಇನ್ನೊಂದು ವ್ಯತ್ಯಾಸ ನನಗೆ ಮುಖ್ಯ: ಇಲ್ಲಿ ಅಪ್ಪನ ಆಸ್ತಿ ಮಕ್ಕಳಿಗೆ ಬಂದರೆ ಅಪ್ಪನ ಅಸಲೂ ಜೊತೆಗೇ ಬರುತ್ತೆ, ಸಾವಿನಿಂದ ಲಾಭ ಅಳಿಸಿಹೋಗಲ್ಲ. ಹಾಗಂತ ಬೀಗೋದೂ ಬೇಡ, ನಾವು 1985ರಲ್ಲೇ ಎಸ್ಟೇಟ್ ಸುಂಕ ರದ್ದು ಮಾಡಿದವರು.

ಗೆಳೆಯನಿಗೆ ಹೇಳಿದೆ: ಸೈಟ್ ಬೇಕೇಬೇಕು ಅಂದ್ರೆ ಟ್ಯಾಕ್ಸ್ ಕಟ್ಟಿ ತಗೋ ಮಾರಾಯ.