ಮಾತಾಡದ ರೋಗಿ, ಮಾತು ಕಲಿಯಬೇಕಾದ ವೈದ್ಯ

ಬೆಂಗಳೂರಿನ ಕಾಟನ್‌ಪೇಟೆಯಲ್ಲಿ ನಾಲಬಂದವಾಡಿ ಎಂಬ ಒಂದು ಜಾಗವಿದೆ. 'ನಾಲ್' ಎಂದರೆ ಲಾಳ. ನಾಲಬಂದ ಎಂದರೆ ಲಾಳ ಕಟ್ಟುವವನು. ಕರಗ ಬಂದು ಹೋಗುವ ತವಕ್ಕಲ್ ಮಸ್ತಾನ್ ದರ್ಗಾದ ಈ ಪೇಟೆಯ ರಸ್ತೆಗಳಲ್ಲಿ ಇಂದು ಟೆಂಪೋ, ಆಟೋಗಳದೇ ಕಾರುಬಾರು. ಆದರೆ ಹತ್ತಿಯ ವ್ಯಾಪಾರದಿಂದ ಹೆಸರು ಪಡೆದ ಪೇಟೆಗೆ ಒಂದು ಕಡೆ ರೈಲಿನ ಗೂಡ್ಸ್ ಶೆಡ್, ಇನ್ನೊಂದು ಕಡೆ ಸಿಟಿ ಮಾರ್ಕೆಟ್ಟು. ಲಾರಿಗಳು ಬರುವ ಮೊದಲು ಪೇಟೆಯ ಸರಕನ್ನು ಎಳೆದವು ಎತ್ತುಗಳು, ಜನರನ್ನು ಎಳೆದವು ಜಟಕಾ ಕುದುರೆಗಳು. ಅವುಗಳ ಕಾಲು ನೋಡಿಕೊಳ್ಳಲು ಒಂದು ಕಸುಬೇ ಇತ್ತು ಎಂಬುದಕ್ಕೆ ಜಾಗದ ಹೆಸರೇ ಸಾಕ್ಷಿ.

ಲಾಳ ಕಟ್ಟುವುದೆಂದರೆ ಬರೀ ಮೊಳೆ ಹೊಡೆಯುವ ಕೆಲಸವಲ್ಲ. ಕುದುರೆಯನ್ನು ನಿಲ್ಲಿಸಿಕೊಂಡೇ ಕಾಲೆತ್ತಿ ಲಾಳ ಹೊಡೆಯಬೇಕು. ಎತ್ತನ್ನಾದರೆ ಹಗ್ಗ ಹಾಕಿ ಕೆಡವಿ, ಕಾಲು ಬಿಗಿಯಬೇಕು. ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡರಂತೆ ನಾಲ್ಕು ಕಾಲಿಗೆ ಎಂಟು ಲಾಳ. ಕುಂಟುವ ಪ್ರಾಣಿ ಲಾಳದಿಂದ ಕುಂಟುತ್ತಿದೆಯೋ, ಕೀಲಿನ ನೋವಿನಿಂದಲೋ ಎಂದು ಹೇಳಬೇಕು. ನಾಲ್ಕು ದಿನ ಗಾಡಿ ಕಟ್ಟಬೇಡ ಎಂದು, ಅದೇ ಗಾಡಿಯ ಬಾಡಿಗೆಯಲ್ಲಿ ಬದುಕುವವನನ್ನು ಒಪ್ಪಿಸಬೇಕು. ಕೊನೆಗೆ ಕೂಲಿ ಕೇಳಬೇಕು. ಪ್ರಾಣಿಯನ್ನು ಹಿಡಿಯುವುದು, ಮಾಲೀಕನಿಗೆ ಹೇಳುವುದು, ಲೆಕ್ಕ ಇಡುವುದು, ಈ ಮೂರನ್ನೂ ಹುಡುಗ ಹಿರಿಯರ ಪಕ್ಕದಲ್ಲಿ ಕೂತೇ ಕಲಿಯಬೇಕಿತ್ತು.

ಪಶುವೈದ್ಯ ಶಿಕ್ಷಣ ಕಾಲೇಜಿನ ಒಳಗೆ ಹೋದಾಗ ಈ ಮೂರರಲ್ಲಿ ಮೊದಲನೆಯದು ಜೊತೆಗೆ ಹೋಯಿತು. ಉಳಿದೆರಡು ಬಹುಕಾಲ ಹೊಸ್ತಿಲಾಚೆಯೇ ನಿಂತವು. ಅವು ಮತ್ತೆ ಒಳಗೆ ಬಂದ ಕಥೆ ನಮ್ಮ ಕಾಲದ್ದು.

<b>ಓಲೆಗರಿಯಿಂದ ಕಾಲೇಜಿಗೆ</b>

ಕನ್ನಡಕ್ಕೆ ಪಶುವೈದ್ಯ ಹೊಸದಲ್ಲ. 12ನೇ ಶತಮಾನದ ಮೊದಲ ಭಾಗದಲ್ಲೇ ಚಾಲುಕ್ಯ ಮನೆತನದ ಕೀರ್ತಿವರ್ಮ 'ಗೋವೈದ್ಯ' ಎಂಬ ಗ್ರಂಥ ರಚಿಸಿದ. ಮುಂದೆ ಅಭಿನವಚಂದ್ರ ಕುದುರೆಗಳ ಚಿಕಿತ್ಸೆಯ ಬಗ್ಗೆ ಬರೆದ. ಆದರೆ ಗ್ರಂಥ ಅರಮನೆಯಲ್ಲೋ ಮಠದಲ್ಲೋ ಇದ್ದರೆ, ಕೊಟ್ಟಿಗೆಯ ವೈದ್ಯ ಕೈಯಿಂದ ಕೈಗೆ ಸಾಗಿ ಬಂದದ್ದು. ಕುದುರೆ ವೈದ್ಯರನ್ನು ಶಾಲಿಹೋತ್ರ ಋಷಿಯ ಹೆಸರಿನ ಮೇಲೆ 'ಸಾಲೋತ್ರಿ' ಎಂದು ಕರೆಯುವ ರೂಢಿ ಬ್ರಿಟಿಷರ ಸೈನ್ಯದವರೆಗೂ ಬಂತು. ಅಂಥವರಿಗೆ ತರಬೇತಿ ಕೊಡಲು ಸೈನ್ಯ ಪುಣೆಯಲ್ಲಿ 1862ರಲ್ಲಿ ಶಾಲೆ ತೆರೆಯಿತು. ಬಳಿಕ ಲಾಹೋರ್ (1882), ಮುಂಬಯಿ (1886), ಮದರಾಸು (1903) ಹೀಗೆ ಕಾಲೇಜುಗಳು ಒಂದೊಂದಾಗಿ ಬಂದವು.

ಇವುಗಳ ಮೂಲ ಮಾದರಿ ಫ್ರಾನ್ಸಿನ ಲಿಯಾನ್ ನಗರದ್ದು. ಕುದುರೆ ಸವಾರಿ ಶಾಲೆಯ ಮುಖ್ಯಸ್ಥನಾಗಿದ್ದ ಕ್ಲೋದ್ ಬೂರ್ಜೆಲಾ 1761ರಲ್ಲಿ ರಾಜನ ಅನುಮತಿ ಪಡೆದು, ಮರುವರ್ಷ ಜಗತ್ತಿನ ಮೊದಲ ಪಶುವೈದ್ಯ ಶಾಲೆ ತೆರೆದ. ದನಗಳ ದೊಡ್ಡರೋಗ ಆಗ ಯೂರೋಪಿನ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿತ್ತು. 1777ರಲ್ಲಿ ಅವನು ತನ್ನ ಶಾಲೆಗಳಿಗೆ ಬರೆದ ನಿಯಮಾವಳಿಯಲ್ಲಿ ಅಂಗರಚನೆ, ಔಷಧಗಳ ಜೊತೆಗೆ ಪಶುವೈದ್ಯ ಜನರೊಡನೆ ಪ್ರಾಮಾಣಿಕವಾಗಿ ಹೇಗೆ ನಡೆದುಕೊಳ್ಳಬೇಕು, ಬಡವರ ವಿಷಯದಲ್ಲಿ ಹೇಗಿರಬೇಕು ಎಂಬ ಮಾತೂ ಇದೆ. ಅಂದರೆ ಮೊದಲ ಶಾಲೆಗೇ ಈ ಅರಿವು ಇತ್ತು. ಮುಂದೆ ಬಂದ ಶಾಲೆಗಳು ಅದನ್ನು ಉಪದೇಶವೆಂದುಕೊಂಡವೇ ಹೊರತು ಪಾಠವೆಂದುಕೊಳ್ಳಲಿಲ್ಲ.

<b>ನೌಕರಿಯೇ ಗುರಿ</b>

ಇದಕ್ಕೆ ಕಾರಣವೂ ಇತ್ತು. ಬ್ರಿಟಿಷರ ಕಾಲದಲ್ಲಿ ಈ ಕಾಲೇಜುಗಳಿಂದ ಹೊರಬಂದವರು ಮುಖ್ಯವಾಗಿ ಸೇರುತ್ತಿದ್ದುದು ಸರ್ಕಾರಿ ಇಲಾಖೆಗೆ. ಸಂಬಳ ಖಜಾನೆಯಿಂದ, ಔಷಧ ಇಲಾಖೆಯಿಂದ. ರೈತನನ್ನು ಒಲಿಸಿಕೊಳ್ಳಬೇಕಾದ, ಶುಲ್ಕ ಕೇಳಬೇಕಾದ ಒತ್ತಡ ಕಡಿಮೆ. ಮೈಸೂರು ಸಂಸ್ಥಾನದಲ್ಲಿ ಪಶುವೈದ್ಯ ಪದವಿಯ ಕಾಲೇಜೇ ಇರಲಿಲ್ಲ. ಓದಬೇಕೆನ್ನುವವರು ಮದರಾಸಿಗೋ ಮುಂಬಯಿಗೋ ಹೋಗಬೇಕಿತ್ತು. ಹೆಸರಿನ ಮುಂದೆ ಜಿ.ಎಂ.ವಿ.ಸಿ. ಎಂದಿದ್ದರೆ ಮದರಾಸಿನವರು, ಜಿ.ಬಿ.ವಿ.ಸಿ. ಎಂದಿದ್ದರೆ ಮುಂಬಯಿಯವರು.

ಇದೇ ಕಾಲದಲ್ಲಿ ಬೆಂಗಳೂರು ಇನ್ನೊಂದು ಬಗೆಯ ತರಬೇತಿಯನ್ನೂ ಕಂಡಿತು. ಆಡುಗೋಡಿಯಲ್ಲಿ 1923ರಲ್ಲಿ ಇಂಪೀರಿಯಲ್ ಪಶುಸಂಗೋಪನೆ ಮತ್ತು ಡೇರಿ ಸಂಸ್ಥೆ ಆರಂಭವಾಯಿತು. ವಿಶ್ರಾಂತಿಗೆಂದು ಸಂಸ್ಥಾನಕ್ಕೆ ಬಂದಿದ್ದ ಗಾಂಧೀಜಿ 1927ರಲ್ಲಿ ಇಲ್ಲಿ ಹಲವು ದಿನ ವಿದ್ಯಾರ್ಥಿಯಂತೆ ದನ ಸಾಕಣೆಯ ಪಾಠ ಹೇಳಿಸಿಕೊಂಡರು. ಆಗ ಅವರಿಗೆ 57 ವರ್ಷ. ಹಸುವಿನ ಮೇಲಿನ ಭಕ್ತಿಯೊಂದೇ ಹಸುವನ್ನು ಉಳಿಸದು, ಮೇವು, ಹಾಲು, ತಳಿಗಳ ಲೆಕ್ಕ ಕೂಡಿದರೆ ಮಾತ್ರ ಅದು ಉಳಿದೀತು ಎಂಬ ಯೋಚನೆ ಅವರದಾಗಿತ್ತು. ಪಶುವೈದ್ಯ ವಿದ್ಯಾರ್ಥಿಗೂ ಆ ಲೆಕ್ಕ ಬೇಕೆಂದು ಪಠ್ಯಕ್ರಮ ಒಪ್ಪಲು ಇನ್ನೂ ದಶಕಗಳು ಹಿಡಿದವು.

ಬೆಂಗಳೂರಿಗೆ ತನ್ನದೇ ಪಶುವೈದ್ಯ ಕಾಲೇಜು ದಕ್ಕಿದ್ದು 1958ರಲ್ಲಿ, ಹೆಬ್ಬಾಳದಲ್ಲಿ. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಕಾಲೇಜು ಅದರ ಅಂಗವಾಯಿತು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬಂದ ಮೇಲೆ ಅದರ ಅಡಿಗೆ ಬಂತು. ಈಗ ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲೂ ಕಾಲೇಜುಗಳಿವೆ. ಹಳ್ಳಿಯ ಮಕ್ಕಳು ಮದರಾಸಿನ ರೈಲು ಹತ್ತಬೇಕಾಗಿಲ್ಲ.

<b>ಹೇಳುವುದೂ ಚಿಕಿತ್ಸೆಯೇ</b>

ಮನುಷ್ಯರ ಡಾಕ್ಟರಿಗೆ ರೋಗಿಯೇ ಎಲ್ಲಿ ನೋವು ಎಂದು ಹೇಳುತ್ತಾನೆ. ದನದ ಡಾಕ್ಟರಿಗೆ ಹೇಳುವವರು ಮನೆಯವರು. ಹೇಳುವವರು ಬೇರೆ, ನರಳುವವರು ಬೇರೆ, ದುಡ್ಡು ಕೊಡುವವರು ಇನ್ನೊಬ್ಬರು. ಹಸು ಮೇವು ಬಿಟ್ಟು ಎಷ್ಟು ದಿನವಾಯಿತು, ಯಾವ ನಾಟಿ ಔಷಧ ಹಾಕಿದ್ದೀರಿ ಎಂದು ಕೇಳಿದರೆ, ಬೈಗುಳಕ್ಕೆ ಹೆದರಿದ ಮಾಲೀಕ ನಿಜ ಹೇಳುವುದಿಲ್ಲ. ನಿಜ ಹೊರಡಿಸುವಂತೆ ಕೇಳುವುದೂ ಒಂದು ವಿದ್ಯೆ.

ಕೆಚ್ಚಲು ಬಾವಿನ ಉದಾಹರಣೆ ತೆಗೆದುಕೊಳ್ಳಿ. ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಔಷಧಕ್ಕೆ ತಕ್ಕಂತೆ ಕೆಲವು ದಿನ ಡೇರಿಗೆ ಹಾಕಬಾರದು. ಚುಚ್ಚುಮದ್ದು ಕೊಡುವುದು ಎರಡು ನಿಮಿಷದ ಕೆಲಸ. ಆದರೆ ಆ ಹಾಲಿನ ದುಡ್ಡಿನಲ್ಲೇ ಮನೆ ನಡೆಸುವ ಹೆಂಗಸಿಗೆ, "ಅಕ್ಕಾ, ಈ ಹಾಲು ಡೇರಿಗೆ ಹಾಕಬೇಡಿ" ಎಂದು ಹೇಳಿ ಒಪ್ಪಿಸುವುದು ಎರಡು ನಿಮಿಷದ ಕೆಲಸವಲ್ಲ. ಒಪ್ಪಿಸಲಾಗದಿದ್ದರೆ ಆ ಔಷಧ ಯಾವುದೋ ಮನೆಯ ಮಗುವಿನ ಲೋಟಕ್ಕೆ ಬಂದೀತು.

ಇನ್ನೊಂದು ಸಂದರ್ಭ ಇದಕ್ಕಿಂತ ಗಂಭೀರ. ಜೊಲ್ಲು ಸುರಿಸುತ್ತ ನಿಂತ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಮನೆಯವರು ಬಾಯಿಗೆ ಕೈ ಹಾಕಿ ನೋಡುವುದುಂಟು. ಅದು ಹುಚ್ಚುನಾಯಿ ಕಡಿದ ಹಸುವಾಗಿದ್ದರೆ? ಅದನ್ನು ಉಳಿಸುವ ಔಷಧವಿಲ್ಲ. ಆದರೆ ಕೈ ಹಾಕಿದವರನ್ನೆಲ್ಲ ಪಟ್ಟಿ ಮಾಡಿ, ಗಾಬರಿಪಡಿಸದೆ, ಅಲಕ್ಷ್ಯ ಮಾಡಲೂ ಬಿಡದೆ, ಅದೇ ದಿನ ಲಸಿಕೆಗೆ ಕಳಿಸಿದರೆ ಅವರೆಲ್ಲ ಉಳಿಯುತ್ತಾರೆ. ಇಲ್ಲಿ ವೈದ್ಯನ ಮಾತೇ ಔಷಧ.

ಮಾತಿನಂತೆಯೇ ಬರಹ. ಸತ್ತ ಹಸುವಿನ ವಿಮೆ ಹಣ ಬರಬೇಕಾದರೆ ಕಿವಿಯೋಲೆಯ ಸಂಖ್ಯೆ, ಮರಣೋತ್ತರ ಪರೀಕ್ಷೆಯ ವರದಿ ಸರಿಯಾಗಿರಬೇಕು. ವರದಿಯ ಒಂದು ತಪ್ಪು ಸಾಲಿಗೆ ಬಡವನ ಹಸುವಿನ ಬೆಲೆ ಮುಳುಗಿಹೋದೀತು. ಪ್ರಾಣಿಹಿಂಸೆಯ ಮೊಕದ್ದಮೆಯಲ್ಲಿ ಅದೇ ವೈದ್ಯ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗುತ್ತದೆ.

<b>ಪಠ್ಯಕ್ರಮ ಕಣ್ಣು ತೆರೆದದ್ದು</b>

ಬದಲಾವಣೆ ತಂದದ್ದು ನೌಕರಿಯ ಸ್ವರೂಪವೇ. ಸರ್ಕಾರಿ ಹುದ್ದೆಗಳನ್ನು ಮೀರಿ ಹಾಲಿನ ಒಕ್ಕೂಟ, ಕೋಳಿ ಸಾಕಣೆ, ಔಷಧ ಕಂಪನಿ, ವಿಮೆ, ಮೃಗಾಲಯ ಎಂದು ದಾರಿಗಳು ಕವಲೊಡೆದವು. ನಗರಗಳಲ್ಲಿ ನಾಯಿ ಬೆಕ್ಕುಗಳ ಖಾಸಗಿ ಕ್ಲಿನಿಕ್ಕುಗಳು ಬಂದವು. ಸ್ವಂತ ಕ್ಲಿನಿಕ್ ತೆರೆಯುವವನಿಗೆ ಬಾಡಿಗೆ, ಬ್ಯಾಂಕ್ ಸಾಲ, ಸಿಬ್ಬಂದಿ, ಶುಲ್ಕ ಎಲ್ಲವೂ ಹೊಸ ಪಾಠ. ಇದು ನಮ್ಮೊಬ್ಬರ ಕಷ್ಟವಲ್ಲ. 1999ರಲ್ಲಿ ಅಮೆರಿಕದ ಪಶುವೈದ್ಯ ಸಂಘಟನೆಗಳು ಮಾಡಿಸಿದ ದೊಡ್ಡ ಅಧ್ಯಯನವೊಂದು, ವಿಜ್ಞಾನದಲ್ಲಿ ಗಟ್ಟಿಗರಾದ ವೈದ್ಯರು ವ್ಯವಹಾರ, ಸಂವಹನಗಳಲ್ಲಿ ಹಿಂದೆ ಬಿದ್ದಿದ್ದಾರೆ ಎಂದಿತು. ಹೊಸ ಪದವೀಧರ ಕೆಲಸದ ಮೊದಲ ದಿನವೇ ಏನೇನು ಮಾಡಬಲ್ಲವನಾಗಿರಬೇಕು ಎಂದು ಬ್ರಿಟನ್ನಿನ ವೃತ್ತಿ ಮಂಡಳಿ ಪಟ್ಟಿ ಮಾಡಿದೆ. ಅದರಲ್ಲಿ ಶಸ್ತ್ರಕ್ರಿಯೆಯ ಜೊತೆಗೆ ಮಾಲೀಕರೊಡನೆ ಮಾತಾಡುವುದಕ್ಕೂ ಜಾಗವಿದೆ.

ಭಾರತದಲ್ಲಿ 1984ರ ಕಾನೂನಿನ ಮೂಲಕ ಪಶುವೈದ್ಯ ಪರಿಷತ್ತು ರೂಪುಗೊಂಡಿತು. ಅದರ 1993ರ ನಿಯಮಗಳು ದೇಶಕ್ಕೆಲ್ಲ ಒಂದೇ ಮಟ್ಟದ ಪಠ್ಯಕ್ರಮ ತಂದವು. 2016ರ ನಿಯಮಗಳ ಪ್ರಕಾರ ಪದವಿಗೆ ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ವಿಸ್ತರಣಾ ಶಿಕ್ಷಣ, ವೃತ್ತಿ ನೀತಿ, ಕಾನೂನು, ಸ್ವಂತ ಉದ್ಯಮದ ತರಬೇತಿ ಎಲ್ಲವೂ ಪಟ್ಟಿಯಲ್ಲಿವೆ. ಹೊಸ್ತಿಲಾಚೆ ನಿಂತಿದ್ದ ಎರಡು ವಿದ್ಯೆಗಳು ಹೀಗೆ ಒಳಗೆ ಬಂದವು.

ಒಳಗೆ ಬಂದರೆ ಸಾಲದು, ಕೂರಲು ಜಾಗ ಸಿಗಬೇಕು. ಇಂಟರ್ನ್‌ಶಿಪ್‌ನ ವರ್ಷ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಓದಿಗೇ ಹೋಗಿಬಿಟ್ಟರೆ, ಅಥವಾ ವಿದ್ಯಾರ್ಥಿ ಆಸ್ಪತ್ರೆಯಲ್ಲಿ ದನ ಹಿಡಿಯುವ ಹೆಚ್ಚುವರಿ ಕೈಯಾಗಿ ಮಾತ್ರ ಉಳಿದರೆ, ನಿಯಮ ಕಾಗದದಲ್ಲೇ ಉಳಿದೀತು. ಈ ವಿದ್ಯೆಗೆ ಗುರು ಪುಸ್ತಕವಲ್ಲ. ಹತ್ತಾರು ವರ್ಷ ತಾಲ್ಲೂಕು ಆಸ್ಪತ್ರೆಯಲ್ಲಿ ಸವೆದ ಹಿರಿಯ ವೈದ್ಯರು, ಅವರಿಗಿಂತ ಮೊದಲೇ ಹಸುವಿನ ಲಕ್ಷಣ ಗುರುತಿಸುವ ಸಿಬ್ಬಂದಿ, ಇವರೇ ಗುರುಗಳು. ಹಿರಿಯರು ಮಾತಾಡುವಾಗ ಕಿರಿಯರು ಪಕ್ಕದಲ್ಲಿರಬೇಕು. ಒಂದು ದಿನ ಕಿರಿಯರು ಮಾತಾಡುವಾಗ ಹಿರಿಯರು ಸುಮ್ಮನೆ ಪಕ್ಕದಲ್ಲಿ ನಿಲ್ಲಬೇಕು.

ಕರು ಹಾಕಲಾರದೆ ಬಿದ್ದ ಹಸುವಿನ ಮುಂದೆ ಕೂತ ಅಜ್ಜಿ, "ಉಳೀತದಾ ಸ್ವಾಮಿ?" ಎಂದು ಕೇಳುತ್ತಾಳೆ. ಉಳಿಯುವುದಿಲ್ಲ ಎಂದು ಗೊತ್ತಿದ್ದಾಗ ಏನು ಹೇಳಬೇಕು, ಹೇಗೆ ಹೇಳಬೇಕು, ಹೇಳಿದ ಮೇಲೆ ಎಷ್ಟು ಹೊತ್ತು ಅಲ್ಲೇ ನಿಲ್ಲಬೇಕು? ಈ ಪ್ರಶ್ನೆಗೆ ಅಂಕವಿಲ್ಲ. ಆದರೆ ಮುಂದಿನ ಸಲ ಹಸು ಕಾಯಿಲೆ ಬಿದ್ದಾಗ ಅಜ್ಜಿ ಅದೇ ಆಸ್ಪತ್ರೆಗೆ ಬರುತ್ತಾಳೋ ಇಲ್ಲವೋ ಎಂಬುದು ಅದಕ್ಕೆ ಸಿಗುವ ಉತ್ತರದ ಮೇಲೆಯೇ ನಿಂತಿದೆ.